ಎಲ್ಲ ಚೆನ್ನಾಗಿದೆ ಅನ್ನುವವನು

ತಾಂಬರಂ, ಚೆನ್ನೈ,
ಮಂಗಳವಾರ ಬೆಳಿಗ್ಗೆ

ಡಾಕ್ಟರ್ ಶಿವರಂಜನಿ ಮೇಡಂ ಅವರಿಗೆ ಸರಸಳ ನಮಸ್ಕಾರಗಳು.

ಬುದ್ಧಿ ಬೆಳವಣಿಗೆ ಕಡಿಮೆ ಇರುವವರು ಈ ಆಸ್ಪತ್ರೆಯಲ್ಲಿ ಅಕಾಲದಲ್ಲಿ ತೀರಿಕೊಂಡರೆ ಕಾರಣ ಹುಡುಕುವ ಸಮಿತಿಗೆ ನೀವೇ ಮುಖ್ಯಸ್ಥರೆಂದು ನರ್ಸಮ್ಮ ಹೇಳಿದರು. ನಿಮ್ಮನ್ನು ಕಾಣಲು ಒಳಗೆ ಬಿಡಲಿಲ್ಲ. ಅದಕ್ಕೇ, ನಿಮಗೆ ಕನ್ನಡ ಬರುತ್ತದೆಂಬ ಧೈರ್ಯದಿಂದ, ಈ ಪತ್ರವನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಹೋಟೆಲಿನಲ್ಲಿ ನಿಮಗೆ ನೀರು ತಂದಿಡುವ ನನ್ನ ಅಣ್ಣ ಕಿಟ್ಟಣ್ಣನೂ ಅಂಥವನೇ. ಅವನು ನಿನ್ನೆಯಿಂದ ಎರಡನೇ ಮಹಡಿಯ ವಾರ್ಡಿನಲ್ಲಿದ್ದಾನೆ. ಮೂರು ದಿನದಿಂದ ಅನ್ನ ಮುಟ್ಟಿಲ್ಲ. ನೋವಿದೆಯೇ ಎಂದು ಡ್ಯೂಟಿ ಡಾಕ್ಟರು ತಮಿಳಿನಲ್ಲಿ ಕೇಳಿದರು. ಅವನು ನಕ್ಕು, "ಎಲ್ಲಾಂ ನಲ್ಲಾ ಇರುಕ್ಕು ಸಾರ್" ಎಂದ. ಅವರು ಹೊಟ್ಟೆ ಮುಟ್ಟಿಯೂ ನೋಡದೆ, ಬರೀ ಹಟವೆಂದು ಬರೆದು, ಇಂದು ಮಧ್ಯಾಹ್ನ ಮನೆಗೆ ಕರೆದೊಯ್ಯಲು ಹೇಳಿದ್ದಾರೆ.

ಆ ಮಾತು ಅವನದಲ್ಲ ಮೇಡಂ. ಗಿರಾಕಿ ಏನು ಕೇಳಿದರೂ ನಕ್ಕು, ಎಲ್ಲ ಚೆನ್ನಾಗಿದೆ ಅನ್ನಬೇಕೆಂದು ನಾವೇ ಕಲಿಸಿದ್ದು. ಒಮ್ಮೆ ಕುದಿಯುವ ಸಾಂಬಾರು ಚೆಲ್ಲಿ ಕೈಯೆಲ್ಲ ಗುಳ್ಳೆ ಎದ್ದಾಗಲೂ ಅವನು ಅದನ್ನೇ ಹೇಳಿದ. ನಾವು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದೆವು.

ದಯವಿಟ್ಟು ಅವನನ್ನು ಏನೂ ಕೇಳಬೇಡಿ. ಹೊಟ್ಟೆಯ ಬಲಗಡೆ ಕೆಳಗೆ ಒತ್ತಿ, ಅವನ ಕಾಲ್ಬೆರಳುಗಳನ್ನು ನೋಡಿ. ನೋವಾದರೆ ಅವು ಮುದುಡುತ್ತವೆ. ಸ್ಕ್ಯಾನ್ ಮಾಡಿಸದೆ ಕಳಿಸಬೇಡಿ.

ಅವನ ಫೈಲು ಒಂದು ದಿನ ನಿಮ್ಮ ಸಮಿತಿಗೆ ಬರುವುದೇ ಆದರೆ, ಅದನ್ನು ಇಂದೇ, ಅವನು ಇನ್ನೂ ನಗುತ್ತಿರುವಾಗಲೇ ತೆರೆದು ನೋಡಿ.

ಇಂತಿ,
ಅವನಿಗೆ ಆ ನಗು ಕಲಿಸಿದ ತಂಗಿ,
ಸರಸ