ಸುಣ್ಣ ಬಳಿಸಿ ನೋಡಿದ ಗೋಡೆ

ಕೆರೆ ಕಾಮಗಾರಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆಯ ಗೋಡೆಗೆ ಸುಣ್ಣ ಬಳಿಯಲು ಹೇಳಿದವರು ತಾವು. ಬಳಿದ ಮೇಲೆ ಬಂದು, 'ಗೋಡೆಯ ಮೇಲೆ ಯಾವ ಚಿತ್ರವೂ ಕಂಡುಬರಲಿಲ್ಲ' ಎಂದು ವರದಿ ಬರೆದವರೂ ತಾವೇ. ಇಷ್ಟು ಅಚ್ಚುಕಟ್ಟುತನವನ್ನು ತಮ್ಮ ಕಚೇರಿ ಕೆರೆಯ ಏರಿಯ ಮೇಲೆ ತೋರಿಸಿದ್ದರೆ ಅದು ಪ್ರತಿ ಮಳೆಗೂ ಸೋರುತ್ತಿರಲಿಲ್ಲ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಓದುಗರಿಗೂ ವಿಷಯ ತಿಳಿಯಲಿ. ಬಬಲೇಶ್ವರದಿಂದ ಮಮದಾಪುರದ ಕಡೆ ಹೋಗುವಾಗ ಸಿಗುವ ನಮ್ಮೂರ ಕೆರೆಯಲ್ಲಿ ಒಂದು ನಡುಗಡ್ಡೆಯಿದೆ, ನಾವದನ್ನು ಗಡ್ಡೆ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿಗೆ ತೆಪ್ಪವೇ ಗತಿ. ಕುರಿ ಕಾಯುತ್ತಿದ್ದ ನಮ್ಮ ಹಿರಿಯರು ತೋಳದ ಕಾಟ ತಪ್ಪಿಸಿಕೊಳ್ಳಲು ಅಲ್ಲಿ ಮನೆ ಕಟ್ಟಿದರು. ಕೆರೆಯಲ್ಲಿ ಹೂಳು ತುಂಬಿದಂತೆ ನೀರು ಮೇಲೇರಿತು, ಗಡ್ಡೆ ಸಣ್ಣದಾಗುತ್ತ ಬಂತು. ಒಂದೊಂದೇ ಮನೆತನ ದಂಡೆಗೆ ಹೋಯಿತು. ಈಗ ಉಳಿದಿರುವುದು ನಮ್ಮ ಮನೆ ಮಾತ್ರ.

ಈ ಮನೆಗೆ ಬಂದ ಸೊಸೆ ಮೊದಲ ದೀಪಾವಳಿಗೆ ತಾನು ಕಂಡ ಗಡ್ಡೆಯನ್ನು ಕಟ್ಟೆಯ ಮೇಲಿನ, ಮಳೆ ತಾಗದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಬರೆಯಬೇಕು. ಹಿಂದಿನವಳದನ್ನು ಅಳಿಸುವಂತಿಲ್ಲ, ಅದರ ಪಕ್ಕಕ್ಕೆ ಬರೆಯಬೇಕು. ನನ್ನ ಮುತ್ತಜ್ಜಿಯ ಚಿತ್ರದಲ್ಲಿ ಮನೆಗಳ ಸಾಲು, ಹುಣಸೆಮರ, ಬಾವಿ ಇದ್ದವು. ಟಿಕೋಟಾದಿಂದ ಸೊಸೆಯಾಗಿ ಬಂದ ಅಜ್ಜಿ ಹೊಳೆವ್ವ ಬರೆಯುವ ಹೊತ್ತಿಗೆ ಬಾವಿ ಕೆರೆಯ ಪಾಲಾಗಿತ್ತು. ಅವಳು ತೆಪ್ಪದ ಮೇಲೆ ನಿಂತ ಕುರಿಗಳನ್ನು ಬರೆದಳು; ಅವುಗಳಲ್ಲಿ ಒಂದು ಕತ್ತು ತಿರುಗಿಸಿ ಮನೆಯ ಕಡೆ ನೋಡುತ್ತಿತ್ತು. ನನ್ನ ತಾಯಿ ಶಂಕ್ರೆವ್ವನ ಚಿತ್ರದಲ್ಲಿ ಮನೆ ಒಂದೇ. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೇ ಮೊದಲಿಗ. ನನಗಿಂತ ಹಿಂದಿನದೆಲ್ಲ ಆ ಗೋಡೆಯ ಮೇಲಿತ್ತು.

ನಾನು ವಿಜಾಪುರದಲ್ಲಿ ಗೋಳಗುಮ್ಮಟದ ಹತ್ತಿರ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಪರವೂರಿನವರು ಬಂದು ಗುಮ್ಮಟ ನೋಡುವುದನ್ನು ದಿನವೂ ಕಾಣುವ ನನಗೆ, ಸರಕಾರಕ್ಕೆ ಹಳೆಯ ಗೋಡೆಗಳ ಮೇಲೆ ಗೌರವವಿದೆ ಎಂಬ ತಪ್ಪು ತಿಳಿವಳಿಕೆ ಇತ್ತು. ಆ ಗೋಡೆ ಬಾದಶಹನದೇ ಆಗಿರಬೇಕೆಂಬ ನಿಯಮ ತಿಳಿದಿರಲಿಲ್ಲ.

ಹೆಚ್ಚಿನ ನೀರು ಹೊರಹೋಗುವ ಕೆರೆಯ ಕೋಡಿಯನ್ನು ತಾವು ಅಂದುಕೊಂಡಂತೆ ಎತ್ತರಿಸಿದರೆ ಬರುವ ಮಳೆಗಾಲಕ್ಕೆ ಮನೆ ಮುಳುಗುತ್ತದೆ. ಅದಕ್ಕೆ ನಾನು ಅಡ್ಡ ಬಂದಿಲ್ಲ. ಆ ನೀರನ್ನು ನಾವೂ ಕುಡಿಯುತ್ತೇವೆ. ಮುಳುಗುವ ಮೊದಲು ಒಬ್ಬ ಚಿತ್ರಕಲಾ ಶಿಕ್ಷಕರಿಂದ ಆ ಚಿತ್ರಗಳ ನಕಲು ತೆಗೆಸಿಕೊಡಿ ಎಂದಷ್ಟೇ ಅರ್ಜಿ ಕೊಟ್ಟಿದ್ದೆ. ಸ್ಥಳಕ್ಕೆ ಬಂದು ನೋಡುವುದಾಗಿ ತಾವು ತಿಳಿಸಿದಿರಿ. ಜೊತೆಗೇ, ಸಾಹೇಬರು ನೋಡುವ ಮನೆಗಳೆಲ್ಲ ಸುಣ್ಣ ಕಂಡಿರಬೇಕೆಂದು ತಮ್ಮ ಕಚೇರಿಯಿಂದ ಓಲೆಕಾರನ ಕೈಲಿ ಊರಿಗೆ ಅಪ್ಪಣೆ ಹೋಯಿತು. ನನಗದು ತಿಳಿದದ್ದು ತಾವು ಬರುವ ದಿನ, ಬಸ್ಸಿಳಿದು ಏರಿ ಹತ್ತಿದಾಗ. ನಮ್ಮ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಏನ ಮಾಡಿದೀಬೇ ಯವ್ವಾ?" ಎಂದೆ.

"ನೀ ಅರ್ಜಿ ಕೊಟ್ಟಾಂವ. ಬಂದವರು ನಿನ್ನ ಮನಿ ನೋಡಿ ನಗಬಾರದಲ್ಲ," ಎಂದಳು ಅವ್ವ. "ಓಲೆಕಾರ ಸುಣ್ಣಾನೂ ಕೊಟ್ಟು ಹ್ವಾದ."

"ಅಳಿಸಬಾರದಂತ ಗೊತ್ತಿಲ್ಲೇನು ನಿನಗ?"

"ನಾ ಎಲ್ಲಿ ಅಳಿಸೇನಿ? ಮ್ಯಾಲ ಹಚ್ಚೇನಿ. ಅವರು ಹ್ವಾದ ಮ್ಯಾಲ ಒರಸಿದ್ರಾತು."

"ಅವರು ಬರೂದ ಆ ಚಿತ್ರ ನೋಡಾಕಬೇ."

"ಸಾಹೇಬರು ನಿಮ್ಮಜ್ಜಿ ಬರದ ಕುರಿ ನೋಡಾಕ ಬರ್ತಾರಂದ್ರ ಯಾರ ನಂಬ್ತಾರೋ? ಖರೇ ಕುರಿ ಎಣಿಸಾಕ ಬರ್ತಾರಂತ ಅವನ್ನ ಆಚಿ ದಂಡಿಗೆ ಹೊಡದೇನಿ."

ಅವ್ವನನ್ನು ನಾನು ದೂರುವುದಿಲ್ಲ. ಸರಕಾರದ ಪರಿಚಯ ಅವಳಿಗೆ ನನಗಿಂತ ಹೆಚ್ಚು.

ಆಮೇಲೆ ತಾವು ಬಂದಿರಿ. ಗಡ್ಡೆಗೆ ಬರಲು ಮೊಳಕಾಲಷ್ಟು ನೀರು ದಾಟಬೇಕಿತ್ತು. ಬೂಟು ತೊಯ್ಯುತ್ತವೆಂದು ಏರಿಯ ಮೇಲೆಯೇ ನಿಂತಿರಿ. "ಬಿಳೀ ಗ್ವಾಡಿ ಕಾಣಸ್ತದ. ಮತ್ತೇನದ ಅಲ್ಲಿ?" ಎಂದು ಕೇಳಿದಿರಿ. ನಾನು ಸುಣ್ಣದ ಸಂಗತಿ ಹೇಳಿದೆ. "ಹಚ್ಚಿದ್ದು ಛಲೋ ಆತು ಬಿಡು, ಆರೋಗ್ಯಕ್ಕ ಒಳ್ಳೇದು," ಎಂದು ಜೀಪು ಹತ್ತಿದಿರಿ. ಏರಿಯ ಮೇಲಿನಿಂದ ಕಾಣದ್ದು ಇರುವುದೇ ಇಲ್ಲವೆಂದು ತಮ್ಮ ಇಲಾಖೆಯ ಯಾವ ಪುಸ್ತಕ ಹೇಳುತ್ತದೆ? ಹಾಗಿದ್ದರೆ ತಮ್ಮ ಕುರ್ಚಿಯಿಂದ ಕಾಣದ ಊರುಗಳ ಗತಿಯೇನು?

ಈಗ ಅವ್ವ ಒದ್ದೆ ಅರಿವೆಯಿಂದ ಸುಣ್ಣ ಒರೆಸುತ್ತಿದ್ದಾಳೆ. ಕೆಲವು ಕಡೆ ಕೆಂಪು ಗೆರೆ ಕಾಣಿಸುತ್ತದೆ. ಕೆಲವು ಕಡೆ ಗೆರೆಯೇ ಅರಿವೆಗೆ ಹತ್ತಿಕೊಂಡು ಬರುತ್ತದೆ. ಹೊಳೆವ್ವನ ತೆಪ್ಪ ಅರ್ಧ ಸಿಕ್ಕಿದೆ, ಕುರಿಗಳು ಇನ್ನೂ ಸಿಕ್ಕಿಲ್ಲ. ತನ್ನ ಚಿತ್ರವನ್ನು ಅವ್ವ ಬೇಕಾದರೆ ಮತ್ತೆ ಬರೆದಾಳು. ಅತ್ತೆ ಕಂಡ ಗಡ್ಡೆಯನ್ನು ಅವಳು ಕಂಡವಳಲ್ಲ; ಕಂಡವರು ಈಗ ಯಾರೂ ಇಲ್ಲ.

ಅರ್ಜಿಯಲ್ಲಿ ಬೇಡಿಕೊಂಡಿದ್ದೆ, ಇಲ್ಲಿ ಕೇಳುತ್ತಿದ್ದೇನೆ. ಈ ಕೆಲಸ ಬಲ್ಲ ಒಬ್ಬರನ್ನು ಗಡ್ಡೆಗೆ ಕಳಿಸಿ. ಸುಣ್ಣ ತೆಗೆದು ನಕಲು ಮುಗಿಯುವವರೆಗೆ ಕೋಡಿಯ ಮೇಲೆ ಹೊಸ ಕಲ್ಲು ಇಡಿಸಬೇಡಿ. ಅಷ್ಟೂ ಆಗದಿದ್ದರೆ, ನೀರು ಏರುವ ಮೊದಲು ತಮ್ಮ ವರದಿಯ ಆ ಒಂದು ಸಾಲನ್ನು ಹೊಡೆದುಹಾಕಿ ಹೀಗೆ ಬರೆಯಿರಿ: 'ಚಿತ್ರಗಳಿದ್ದವು. ನಾವು ಹೇಳಿ ಮುಚ್ಚಿಸಿದೆವು.'

ಇಂತಿ,
ತಮ್ಮ ವರದಿಯ ಪ್ರಕಾರ ಏನೂ ಇಲ್ಲದ ಗೋಡೆಯ ವಾರಸುದಾರ,
ಯಲಗೂರಪ್ಪ
ವಿಜಾಪುರ, ಮಾರ್ಚ್ ೧೯೬೪