ನಾನು ಹೊಲಿದ ಹನ್ನೊಂದು ಕೈಪಟ್ಟಿಗಳು

ಮಾನ್ಯ ಡಯಾಲಿಸಿಸ್ ವಿಭಾಗದ ಮುಖ್ಯಸ್ಥರೇ,

ತಮ್ಮ ರೋಗಿಗಳಲ್ಲಿ ಹನ್ನೊಂದು ಜನರ ಕೈ ಕಟ್ಟಿಹಾಕಿದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ನಾಚಿಕೆಯಲ್ಲಿ ತಮ್ಮ ಪಾಲೂ ಇದೆ. ನನ್ನದನ್ನು ನಾನು ಹೊತ್ತುಕೊಂಡು, ತಮ್ಮದನ್ನು ತಮಗೇ ಹಿಂತಿರುಗಿಸುತ್ತಿದ್ದೇನೆ.

ನಾನು ದರ್ಜಿ. ನನ್ನ ಹೆಂಡತಿ ಮೂರು ವರ್ಷದಿಂದ ವಾರಕ್ಕೆ ಮೂರು ಸಲ ತಮ್ಮಲ್ಲಿ ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುತ್ತಾಳೆ. ಸೂಜಿ ಚುಚ್ಚುವ ಕೈ ಜೋಪಾನ ಎನ್ನುತ್ತದೆ ತಮ್ಮ ಗೋಡೆಯ ಫಲಕ. ಭಾರ ಎತ್ತಬಾರದು, ಗಡಿಯಾರ ಕಟ್ಟಬಾರದು, ಆ ಮಗ್ಗುಲಿಗೆ ಮಲಗಬಾರದು. ಮಾಡಬೇಕಾದ್ದೇನು? ಒಂದಕ್ಷರವಿಲ್ಲ. ಜಾಗ ಸಾಲಲಿಲ್ಲವೋ ಏನೋ. ಪಕ್ಕದ ತಮ್ಮ ಭಾವಚಿತ್ರಕ್ಕೆ ಮಾತ್ರ ಜಾಗ ಧಾರಾಳವಾಗಿದೆ.

ಅದನ್ನು ಓದಿದ ನಾನು ಕತ್ತರಿ ಹಿಡಿದೆ. ಅಂಚಿಗೆ ಮೆತ್ತೆ ಇಟ್ಟು, ಅವಳ ಆ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿಯೊಂದನ್ನು ಹೊಲಿದೆ. ಚೊಂಬು ಎತ್ತಲು ಬಿಡಲಿಲ್ಲ, ಅಂಗಳ ದಾಟಲು ಬಿಡಲಿಲ್ಲ. "ಅಲ್ರೀ, ಕೈ ಹಿಡೀತೀನಿ ಅಂದಿದ್ರಿ, ಕಟ್ಟಿಹಾಕ್ತೀನಿ ಅಂದಿರ್ಲಿಲ್ಲ" ಎಂದಳು. ನಾನು ನಕ್ಕು, ಗಂಟು ಇನ್ನಷ್ಟು ಬಿಗಿದೆ. ತಮ್ಮ ನರ್ಸಮ್ಮಂದಿರು "ಎಷ್ಟ್ ಚೆನ್ನಾಗಿದೆ ತಾತ, ನಮ್ಮ ಬೇರೆ ಪೇಶೆಂಟ್‌ಗಳಿಗೂ ಹೊಲ್ಕೊಡಿ" ಎಂದರು. ಉಬ್ಬಿಹೋಗಿ ಇನ್ನೂ ಹತ್ತು ಹೊಲಿದುಕೊಟ್ಟೆ. ತಾವೂ ಒಂದನ್ನು ಮುಟ್ಟಿ ನೋಡಿ "ನೀಟಾಗಿದೆ" ಎಂದಿರಿ. ಹೊಲಿಗೆ ನೀಟಾಗಿತ್ತು ಸ್ವಾಮಿ, ನಮ್ಮಿಬ್ಬರ ಬುದ್ಧಿ?

ಕಳೆದ ತಿಂಗಳು ಅವಳು ಬಚ್ಚಲುಮನೆಯ ಸ್ಟೂಲಿನಿಂದ ಏಳಲಾಗದೆ, ಮಗಳು ಬರುವವರೆಗೆ ಒದ್ದೆ ಮೈಯಲ್ಲೇ ಕೂತಿದ್ದಳು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. "ಯಾಕೆ ಕೂಗ್ಲಿಲ್ಲ?" ಎಂದರೆ, "ನೀವು ಬಂದ್ರೆ ನಾಳೆಯಿಂದ ಸ್ನಾನಕ್ಕೂ ಒಬ್ಳನ್ನೇ ಬಿಡಲ್ಲ" ಎಂದಳು.

ಆಗ ಅವಳನ್ನು ತಮ್ಮ ಕೆಳಮಹಡಿಯ ವ್ಯಾಯಾಮ ಚಿಕಿತ್ಸೆಯ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ಪಟ್ಟಿ ಬಿಚ್ಚಿ, ಬತ್ತಿದ ತೋಳು ನೋಡಿ, "ಯಾರಪ್ಪಾ ಇದನ್ನ ಕಟ್ಟಿದ್ದು?" ಎಂದರು. ಭಾರ ಎತ್ತಬಾರದು ಎಂದರೆ ಅಲುಗಾಡಲೇಬಾರದು ಎಂದಲ್ಲವಂತೆ. ಮೆತ್ತನೆ ಚೆಂಡು ಹಿಚುಕಬೇಕಂತೆ, ಶಕ್ತಿ ಇದ್ದಷ್ಟು ನಡೆಯಬೇಕಂತೆ, ಯಂತ್ರ ನಡೆಯುವಾಗಲೂ ಮಲಗಿದಲ್ಲೇ ಪೆಡಲು ತುಳಿಯಬಹುದಂತೆ.

"ಇದನ್ನ ಮೇಲೆ ಯಾಕಮ್ಮ ಯಾರೂ ಹೇಳಲ್ಲ?"

"ನನ್ನನ್ನ ಮೇಲಕ್ಕೆ ಕರೆದೇ ಇಲ್ಲ ತಾತ. ಪೆಡಲೂ ಬಂದಿದೆ, ಉಗ್ರಾಣದಲ್ಲಿ ಕೂತಿದೆ."

ನಡುವೆ ಇರುವುದು ಹದಿನೆಂಟು ಮೆಟ್ಟಿಲು. ರೋಗಿಗಳಿಗೆ ಅದು ಬೆಟ್ಟ, ಒಪ್ಪಿದೆ. ತಮ್ಮ ಒಂದು ಚೀಟಿಗೂ ಇಳಿಯಲಾಗಲಿಲ್ಲವೇ? ದಣಿವು ನಿಜ, ಕಾಲುಸೆಳೆತ ನಿಜ. ಆದರೆ ಅಲುಗಾಡಿದರೆ ಕೈ ಕೆಡುತ್ತದೆಂಬ ಭಯ ಮಾತ್ರ ರೋಗಿಗಳದಲ್ಲ. ಅದನ್ನು ಕೊಟ್ಟವರು ನಾವು.

ಆ ಡಾಕ್ಟರಮ್ಮನನ್ನು ವಾರಕ್ಕೊಮ್ಮೆಯಾದರೂ ಮೇಲೆ ಕರೆಸಿ. ಉಗ್ರಾಣದ ಬೀಗ ತೆಗೆಸಿ. ಬರುವ ಸೋಮವಾರ ಬೆಳಗ್ಗೆ ನಾನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ, ತಾವು ಪಕ್ಕದಲ್ಲಿ ನಿಲ್ಲಬೇಕು. ನಾನೊಬ್ಬನೇ ಹೇಳಿದರೆ "ಕಟ್ಟಿದ್ದೂ ನೀವೇ ಅಲ್ವಾ?" ಎನ್ನುತ್ತಾರೆ. ಅನ್ನಲಿ. ಎಲ್ಲ ತಿಳಿದ ಮೇಲೂ ನನ್ನ ಹೆಂಡತಿ ಆ ಮಾತು ಇನ್ನೂ ಅಂದಿಲ್ಲ. ಸಹಿಸಲಾಗದಿರುವುದು ಅದೊಂದೇ.

ಇಂತಿ,
ಅಳತೆ ತಪ್ಪಿದ ಒಬ್ಬ ದರ್ಜಿ