ಆಶಿಕನ ಕಾಲಿಗೆ ಹೆಸರು ಹುಡುಕಿದ್ದು

ಕಸಬಾ ಬೆಂಗ್ರೆ, ಮಂಗಳೂರು
೯ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ದಮ್ಮಾಮಿನಲ್ಲಿ ಈಗ ಸೆಕೆ ಇಳಿದಿರಬಹುದು. ನಿಮ್ಮ ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಇಲ್ಲಿ ಉಮ್ಮ ಚೆನ್ನಾಗಿದ್ದಾರೆ. ಆಶಿಕನೂ ಈಗ ಚೆನ್ನಾಗಿದ್ದಾನೆ. ‘ಈಗ’ ಎಂದು ಸುಮ್ಮನೆ ಬರೆದದ್ದಲ್ಲ. ಫೋನಿನಲ್ಲಿ ಹೇಳಹೊರಟರೆ ನೀವು ಅರ್ಧಕ್ಕೇ “ಅಂಗಡಿಯಲ್ಲಿ ಜನ ಉಂಟು, ಆಮೇಲೆ ಮಾತಾಡುವ” ಎನ್ನುತ್ತೀರಿ. ವಾಯ್ಸ್ ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೇ. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಉಳ್ಳಾಲದ ತಮೀಮ್ ಸೋಮವಾರ ವಿಮಾನ ಹತ್ತುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಸಿಟ್ಟಿನಲ್ಲಿ ಬರೆದಿದ್ದಾಳೆ ಎನಿಸಿದರೂ ಪೂರ್ತಿ ಓದಿ.

ಜೂನ್‌ನಲ್ಲಿ ನೆರೆಮನೆಯ ರಮ್ಲಾಳ ಮದುವೆಯ ಮರುದಿನ ಬೆಳಿಗ್ಗೆ ಆಶಿಕನಿಗೆ ಏಳಲು ಆಗಲಿಲ್ಲ. ನೋವಿಲ್ಲ, ಜ್ವರವಿಲ್ಲ, ಮಾತು ಸರಿಯಾಗಿತ್ತು. ಕಾಲು ಮಾತ್ರ ಬೇರೆ ಯಾರದ್ದೋ ಎಂಬಂತೆ ಚಾಪೆಯ ಮೇಲೆ ಬಿದ್ದಿತ್ತು. ಮಧ್ಯಾಹ್ನಕ್ಕೆ ತಾನಾಗಿಯೇ ಸರಿಯಾಯಿತು. ಸಂಜೆ ಡಾಕ್ಟರ ಬಳಿ ಹೋದರೆ ಎಲ್ಲ ರಿಪೋರ್ಟ್ ನಾರ್ಮಲ್. ಆಮೇಲೆ ಮತ್ತೆರಡು ಸಲ ಹಾಗೇ ಆಯಿತು. ಮೂರನೆಯದು ಅವನ ಐಟಿಐ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ. ಡಾಕ್ಟರು “ಪರೀಕ್ಷೆಯ ಟೆನ್ಶನ್” ಎಂದು ಮಾತ್ರೆ ಬರೆದುಕೊಟ್ಟರು. ನೀವು ಫೋನಿನಲ್ಲಿ “ನಾಟಕ ಸಾಕು ಅಂತ ಹೇಳು ಅವನಿಗೆ” ಎಂದಿರಿ. ಆಗ ಸ್ಪೀಕರ್ ಹಾಕಿತ್ತು ಉಪ್ಪಾ. ಅವನು ನನ್ನ ಪಕ್ಕದಲ್ಲೇ ಕುಳಿತಿದ್ದ.

ಅವತ್ತಿನಿಂದ ನಾನು ಫೋನ್ ಹಿಡಿದು ಹುಡುಕಲು ಕುಳಿತೆ. ಬೆಳಿಗ್ಗೆ ಕಾಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ಮೊದಲ ಪುಟದಲ್ಲೇ ಲಕ್ವ, ಎರಡನೆಯದರಲ್ಲಿ ಬೆನ್ನುಹುರಿಯ ಗಡ್ಡೆ. ಇಣುಕಿ ನೋಡಿದ ಉಮ್ಮ ಎರಡು ದಿನ ಅತ್ತರು. ಕನ್ನಡದಲ್ಲಿ ಹಾಕಿದರೆ ಕಾಲಿಗೆ ಹಚ್ಚುವ ಎಣ್ಣೆ, ಒಂದೇ ವಾರದಲ್ಲಿ ಓಡಿಸುತ್ತೇವೆ ಎನ್ನುವ ವಿಡಿಯೋ, ದೃಷ್ಟಿ ತೆಗೆಯುವವರ ನಂಬರು. ನಮ್ಮ ಬ್ಯಾರಿ ಮಾತಿನಲ್ಲಂತೂ ಒಂದು ಸಾಲೂ ಇಲ್ಲ. ಹುಡುಕಿದ್ದು ನಾನು, ಆದರೆ ಆಮೇಲೆ ಯಾವ ಆ್ಯಪ್ ತೆರೆದರೂ ನನ್ನ ಹಿಂದೆಯೇ ಎಣ್ಣೆ ಜಾಹೀರಾತು. ಎರಡು ತಿಂಗಳು ಹೀಗೇ ಹೋಯಿತು. ಇಷ್ಟು ಓದಿದವಳು, ಬಿ.ಎಡ್ ಮಾಡುತ್ತಿರುವವಳು, ತಮ್ಮನ ಕಾಲಿನ ಬಗ್ಗೆ ಒಂದು ಪ್ರಶ್ನೆ ಸರಿಯಾಗಿ ಕೇಳಲು ಬರುವುದಿಲ್ಲವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ನಮ್ಮ ಕಾಲೇಜಿನ ಲೈಬ್ರರಿಯನ್ ನೆಲ್ಲಿ ಮಿಸ್ ಒಂದು ದಿನ ನನ್ನ ಫೋನ್ ನೋಡಿದರು. “ಎಂತ ಮಾರಾಯ್ತಿ, ಇದು ಬಂದರಿನ ಮೀನು ಮಾರ್ಕೆಟಲ್ಲಿ ನಿಂತು ಮದ್ದು ಕೇಳಿದ ಹಾಗೆ ಉಂಟು. ಜೋರಾಗಿ ಕೂಗುವವರೇ ಮುಂದೆ ಬರ್ತಾರೆ ಅಲ್ಲಿ” ಎಂದರು. ಕಂಪ್ಯೂಟರ್ ಮುಂದೆ ಕೂರಿಸಿ, ಸಂಶೋಧನೆಯ ಲೇಖನಗಳನ್ನಷ್ಟೇ ಹುಡುಕುವ ಸರ್ಚ್ ಇಂಜಿನ್ ಒಂದು, ವೈದ್ಯಕೀಯದ್ದನ್ನು ಮಾತ್ರ ಹುಡುಕುವ ಪಬ್‌ಮೆಡ್ ಎಂಬುದೊಂದು, ನಾವು ಹುಡುಕಿದ್ದನ್ನು ನೆನಪಿಟ್ಟುಕೊಂಡು ಬೆನ್ನು ಹತ್ತದ ಮತ್ತೊಂದು ತೋರಿಸಿದರು. ಇಂಥವು ಇವೆಯೆಂದು ಹದಿನೈದು ವರ್ಷ ಶಾಲೆ ಕಾಲೇಜು ಓದಿದರೂ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಬಾಗಿಲು ಗೊತ್ತಾದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಮೊದಲ ದಿನ ಸಾವಿರಗಟ್ಟಲೆ ಲೇಖನ ಬಂದವು. ನೆಲ್ಲಿ ಮಿಸ್ “ನಿನ್ನ ಮಾತು ಬಿಡು, ಡಾಕ್ಟರರ ಮಾತು ಹಾಕು. ಯಾವಾಗ ಆಗ್ತದೆ, ಅದರ ಹಿಂದಿನ ದಿನ ಎಂತ ತಿಂದ, ಎಷ್ಟು ಹೊತ್ತು ಇರ್ತದೆ, ಬರೆದು ತಾ” ಎಂದು ಕಳಿಸಿದರು. ಬರೆಯುತ್ತಾ ಹೋದ ಹಾಗೆ ನನಗೇ ಕಂಡಿತು: ಮೂರು ಸಲವೂ ಹಿಂದಿನ ದಿನ ಹೊಟ್ಟೆ ತುಂಬ ತುಪ್ಪದ ಅನ್ನವೋ ಸಿಹಿಯೋ ತಿಂದಿದ್ದ. ಅದನ್ನೂ ಸೇರಿಸಿ ಹುಡುಕಿದೆವು. ಬೇಕೆನಿಸಿದ ಲೇಖನಕ್ಕೆಲ್ಲ ಬೀಗ, ದುಡ್ಡು ಕೊಟ್ಟರಷ್ಟೇ ತೆರೆಯುವುದು. ಸಾರಾಂಶದ ನಾಲ್ಕು ಸಾಲು ತೋರಿಸಿ ಬಾಗಿಲು ಮುಚ್ಚುತ್ತದೆ. ಕೊನೆಗೆ ಬಿಟ್ಟಿ ಓದಲು ಸಿಗುವವನ್ನು ಮಾತ್ರ ಬೇರ್ಪಡಿಸಿದಾಗ ಒಂದು ಸಿಕ್ಕಿತು. ಒಬ್ಬ ಹುಡುಗ, ಮದುವೆಯೂಟ, ಮರುದಿನ ಬೆಳಿಗ್ಗೆ ಕಾಲಿಲ್ಲ, ಮಧ್ಯಾಹ್ನದ ರಿಪೋರ್ಟ್ ನಾರ್ಮಲ್. ನಮ್ಮ ಮನೆಗೆ ಬಂದು ನೋಡಿ ಬರೆದಂತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದರಿಂದ ಹೀಗಾಗಬಹುದು, ಆದರೆ ಕಾಲು ಬಿದ್ದಿರುವಾಗಲೇ ರಕ್ತ ತೆಗೆಯಬೇಕು, ಸರಿಯಾದ ಮೇಲೆ ಗೊತ್ತಾಗುವುದಿಲ್ಲ ಎಂದಿತ್ತು. ಆ ಆರು ಪುಟ ಓದಲು ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಬೇಕಾಯಿತು.

ಪ್ರಿಂಟ್ ತೆಗೆದು, ಟೆನ್ಶನ್ ಎಂದು ಮಾತ್ರೆ ಬರೆದ ಆ ಡಾಕ್ಟರಿಗೆ ಕೊಟ್ಟೆ. ಅವರು ಮುಟ್ಟಲೂ ಇಲ್ಲ. “ಇಂಟರ್‌ನೆಟ್ ಓದಿ ನನಗೆ ಪಾಠ ಮಾಡ್ಲಿಕ್ಕೆ ಬರಬೇಡಿ” ಎಂದರು. ಹೊರಗೆ ಬಂದಾಗ ಆಶಿಕನೇ “ಬಿಡು, ನನಗೇ ತಲೆ ಸರಿ ಇಲ್ಲ ಅಂತ ಕಾಣ್ತದೆ” ಎಂದ. ಹತ್ತೊಂಬತ್ತರ ಹುಡುಗ, ತನ್ನ ಕಾಲನ್ನು ತಾನೇ ನಂಬುವುದನ್ನು ಬಿಟ್ಟಿದ್ದ.

ಕಳೆದ ತಿಂಗಳು ಇಪ್ಪತ್ತರಂದು ಬೆಳಿಗ್ಗೆ ಮತ್ತೆ ಬಂತು. ಈ ಸಲ ಕೈಗೂ. ಉಮ್ಮ ಎಂದಿನಂತೆ “ಸ್ವಲ್ಪ ತಡಿ, ಸರಿಯಾಗ್ತದೆ” ಎಂದರು. ನಾನು ತಡೆಯಲಿಲ್ಲ. ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೆರೆಯ ನಾಲ್ವರು ಎತ್ತಿ ಬಂದರಿಗೆ ಹೋಗುವ ಫೆರಿಗೆ ಹತ್ತಿಸಿದರು. ನೀರು ದಾಟುವಷ್ಟೂ ಹೊತ್ತು ಅವನು ಸರಿಯಾಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ನನಗೆ. ಅಕ್ಕನಾದವಳಿಗೆ ಬರಬಾರದ ಹೆದರಿಕೆ ಅದು. ಅತ್ತಾವರದ ಆಸ್ಪತ್ರೆಯಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟರಮ್ಮನಿಗೆ ಕಾಗದ ಚಾಚಿ “ಈಗಲೇ ರಕ್ತ ತೆಗೀರಿ, ಬೈಯುವುದಾದರೆ ಆಮೇಲೆ ಬೈಯಿರಿ” ಎಂದೆ. ಅವರು ನಿಂತಲ್ಲೇ ಓದಿದರು, ರಕ್ತ ತೆಗೆಸಿದರು. ಪೊಟ್ಯಾಸಿಯಂ ಇರಬೇಕಾದದ್ದರ ಅರ್ಧದ ಹತ್ತಿರ ಇತ್ತು. ಇನ್ನೂ ಇಳಿದಿದ್ದರೆ ಹೃದಯಕ್ಕೇ ತೊಂದರೆಯಾಗುತ್ತಿತ್ತಂತೆ. ಮದ್ದು ಕೊಟ್ಟು, ಎದೆಗೆ ವಯರು ಹಚ್ಚಿ ನೋಡಿಕೊಂಡರು. ಮಧ್ಯಾಹ್ನ ಅವನು ಮಂಚ ಹಿಡಿದು ಎದ್ದು ನಿಂತ. ನಿಂತು, “ನಾಟಕ ಅಲ್ಲ ಅಲ್ವಾ?” ಎಂದು ಕೇಳಿದ. ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ನನಗಾಯಿತು.

ಈಗ ಮದ್ದು ಉಂಟು, ಊಟದಲ್ಲಿ ಪಥ್ಯ ಉಂಟು. ಪ್ರಾಕ್ಟಿಕಲ್ ಮತ್ತೆ ಬರೆಯಬಹುದು ಎಂದು ಐಟಿಐಯವರು ಒಪ್ಪಿದ್ದಾರೆ. ನೀವು ಅವನಿಗೊಂದು ಫೋನ್ ಮಾಡಿ ಉಪ್ಪಾ. ಕ್ಷಮೆ ಕೇಳಬೇಕೆಂದಲ್ಲ. “ಕಾಲು ಹೇಗುಂಟು” ಎಂದು ಕೇಳಿದರೆ ಸಾಕು.

ಉಮ್ಮ ಸಲಾಂ ಹೇಳಿದ್ದಾರೆ. ಅಲ್ಲಾಹನು ನಿಮಗೆ ಆರೋಗ್ಯ ಕೊಡಲಿ.

ನಿಮ್ಮ ಮಗಳು,
ಜುವೈರಿಯಾ

ಮತ್ತೆ ಬರೆದದ್ದು: ಕವರು ಅಂಟಿಸುವಾಗ ಅಲ್ಲಿ ನಿಮ್ಮ ಜೊತೆ ರೂಮಿನಲ್ಲಿರುವ ಯಾಹ್ಯಾಕ ಫೋನ್ ಮಾಡಿದರು. ಈ ವರ್ಷ ಎರಡು ಸಲ, ಬೆಳಿಗ್ಗೆ, ಅವರೇ ನಿಮ್ಮನ್ನು ಎತ್ತಿ ಬಾತ್‌ರೂಮಿಗೆ ಕರೆದುಕೊಂಡು ಹೋದರಂತೆ. ಮನೆಗೆ ಹೇಳಬೇಡ ಎಂದಿರಂತೆ. ಇದು ತಂದೆಯಿಂದ ಮಕ್ಕಳಿಗೆ ಬರುವುದುಂಟು ಎಂದು ಲೇಖನದಲ್ಲಿತ್ತು, ನಾನದನ್ನು ಓದಿ ಮುಂದೆ ಹೋಗಿದ್ದೆ. ನಿಮಗೆ ಬೈಯಲೋ ಅಳಲೋ ಗೊತ್ತಾಗುತ್ತಿಲ್ಲ. ಆ ಆರು ಪುಟ ಇದರೊಳಗೇ ಇಟ್ಟಿದ್ದೇನೆ, ಜೇಬಿನಲ್ಲಿಟ್ಟುಕೊಳ್ಳಿ. ಮುಂದಿನ ಸಲ ಸರಿಯಾದ ಮೇಲೆ ಹೋಗುತ್ತೇನೆ ಎನ್ನಬೇಡಿ. ಏಳಲು ಆಗದಿರುವಾಗಲೇ ಎತ್ತಿಕೊಂಡು ಹೋಗಲಿಕ್ಕೆ ಯಾಹ್ಯಾಕನಿಗೆ ಹೇಳಿದ್ದೇನೆ.